ತುಂಬಿದ ವರದೆಗೆ ಬೇಡ್ತಿ ಯಾಕೆ?

ಹಾವೇರಿ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತ ಬಾಂಧವರೇ,



ಈ ಪತ್ರ ಸರ್ಕಾರಕ್ಕೆ ಹೋಗಬೇಕಿತ್ತು ಅಂತ ನಮ್ಮೂರಲ್ಲೇ ಕೆಲವರ ತಕರಾರು. ಸರ್ಕಾರಕ್ಕೆ ಕೊಟ್ಟ ಮನವಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ತಹಶೀಲ್ದಾರರ ಕೈಗೆ ಕೊಟ್ಟು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಮರುದಿನ ಪೇಪರಿನಲ್ಲಿ ನಮ್ಮ ಮುಖ ನಾವೇ ಹುಡುಕಿದ್ದೂ ಆಗಿದೆ. ಆದರೆ ನಮ್ಮ ಬೇಡ್ತಿ ಹೊಳೆಯನ್ನು ಕೇಳುತ್ತಿರುವುದು ನಿಮ್ಮ ಹೆಸರಿನಲ್ಲಿ. ಬಯಲುಸೀಮೆಯ ರೈತನಿಗೆ ನೀರು ಬೇಕು, ಮಲೆನಾಡಿನವರು ಅಡ್ಡಗಾಲು ಹಾಕುತ್ತಿದ್ದಾರೆ ಅಂತ ಭಾಷಣಗಳಲ್ಲಿ ಕೇಳಿ ಕೇಳಿ ನಮಗೂ ಬೇಸರ ಬಂದಿದೆ. ಹಾಗಾಗಿ ನಡುವಿನವರನ್ನು ಬಿಟ್ಟು ನಿಮಗೇ ಬರೆಯುತ್ತಿದ್ದೇನೆ.

ನಾನು ಯಲ್ಲಾಪುರ ತಾಲೂಕಿನವನು. ಸ್ವಲ್ಪ ಅಡಿಕೆ ತೋಟ, ಅದರ ಮೇಲೆ ಕಾಳುಮೆಣಸು, ಮೇಲ್ಗಡೆ ಸೊಪ್ಪಿನ ಬೆಟ್ಟ. ನಿಮ್ಮ ಪರಿಚಯ ನಮಗಿದೆ. ಕೊನೆ ಕೊಯ್ಲಿನ ಹೊತ್ತಿಗೆ ಹಾನಗಲ್ ಕಡೆಯ ಆಳುಗಳು ಬರದಿದ್ದರೆ ನಮ್ಮ ಅಡಿಕೆ ಅಂಗಳ ಕಾಣುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ನಮ್ಮ ಸಾರಿಗೆ ಬಣ್ಣ ಬರುವುದಿಲ್ಲ. ದೊಡ್ಡ ಕಾಯಿಲೆಯಾದರೆ ಓಡುವುದು ಹುಬ್ಬಳ್ಳಿಗೆ. ಬೇಡ್ತಿ ಕೂಡ ಹುಟ್ಟಿನಲ್ಲಿ ಬಯಲಿನ ಕಡೆಯವಳೇ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳವೂ ಸೇರಿ, ಕಲಘಟಗಿ ದಾಟಿ, ನಮ್ಮ ಕಾಡಿಗೆ ಇಳಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುವ ಹೊಳೆ ಇದು. ಹುಬ್ಬಳ್ಳಿಯ ಚರಂಡಿ ನೀರೂ ಅದೇ ದಾರಿಯಲ್ಲಿ ನಮಗೆ ಬರುತ್ತದೆ. ಅದನ್ನು ಮಾತ್ರ ಯಾರೂ ವಾಪಸ್ ಕೇಳಿಲ್ಲ.

ಯೋಜನೆ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಹಳೆಯ ಕಡತದಲ್ಲಿ ಬೇಡ್ತಿ–ವರದಾ ಜೋಡಣೆಯ ಲೆಕ್ಕ 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು ಎಂಟೂವರೆ ಟಿಎಂಸಿ. ಬೇಡ್ತಿಗೆ ಬಂದು ಸೇರುವ ಪಟ್ಟಣದಹಳ್ಳ, ಶಿರಸಿ ಕಡೆಯ ಶಾಲ್ಮಲಾ ಹಳ್ಳಗಳಿಗೆ ಅಣೆಕಟ್ಟು ಕಟ್ಟಿ, ನೀರನ್ನು ನಿಮ್ಮ ಕಡೆಗೆ ಒಯ್ದು ವರದೆಗೆ ಬಿಡುವುದು. ವರದೆಯಿಂದ ತುಂಗಭದ್ರೆ, ತುಂಗಭದ್ರಾ ಜಲಾಶಯದಿಂದ ಎಡದಂಡೆ ಕಾಲುವೆ, ಅಲ್ಲಿಂದ ರಾಯಚೂರು ಜಿಲ್ಲೆಯ 60,200 ಹೆಕ್ಟೇರ್. ಈಚಿನ ವಿಸ್ತೃತ ವರದಿಯಲ್ಲಿ ಆಸೆ ಬೆಳೆದಿದೆ: ಸುರೇಮನೆಯಲ್ಲಿ ಬೇಡ್ತಿಗೇ ಒಂದು ಬ್ಯಾರೇಜ್ ಸೇರಿಸಿ ಒಟ್ಟು 524 ದಶಲಕ್ಷ ಘನ ಮೀಟರ್, ಹದಿನೆಂಟೂವರೆ ಟಿಎಂಸಿ. ಹೊಳೆ ಅದೇ, ಮಳೆ ಅದೇ. ಲೆಕ್ಕ ಮಾತ್ರ ಎರಡು ಪಟ್ಟು ದಾಟಿತು.

ಈಗ ನನ್ನ ಮುಖ್ಯ ಪ್ರಶ್ನೆ. ಆ ನೀರು ನಿಮಗೆ ಯಾವ ತಿಂಗಳಲ್ಲಿ ಬರುತ್ತದೆ?

ಬೇಡ್ತಿಯಲ್ಲಿ ನೀರು ಹೊರಳಾಡುವುದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಆಗ ಬಂದವರಿಗೆ ಇದೊಂದು ಸಮುದ್ರ. ಸೇತುವೆಯ ಮೇಲೆ ನಿಂತು ವಿಡಿಯೊ ಮಾಡಿಕೊಂಡು, ಇಷ್ಟೊಂದು ನೀರು ಸುಮ್ಮನೆ ಕಡಲಿಗೆ ಹೋಗುತ್ತದಲ್ಲ ಅಂತ ಹೊಟ್ಟೆ ಉರಿಸಿಕೊಂಡು ಹೋಗುತ್ತಾರೆ. ಅದೇ ಜಾಗಕ್ಕೆ ಮಾರ್ಚ್ ಕೊನೆಯಲ್ಲಿ ಯಾರೂ ಬರುವುದಿಲ್ಲ. ಬಂದರೆ ಕಾಣುವುದು ಬಂಡೆ, ಬಂಡೆಯ ನಡುವೆ ಅಲ್ಲೊಂದು ಇಲ್ಲೊಂದು ಗುಂಡಿ. ಗುಂಡಿಗೆ ಇಳಿಬಿಟ್ಟ ಪೈಪು. ಕೊಳೆತ ಎಲೆ ಒಳಗೆ ಹೋಗದಿರಲಿ ಎಂದು ಅದರ ಬಾಯಿಗೆ ಸುತ್ತಿದ ಹಳೆ ಸೀರೆಯ ತುಂಡು. ದಂಡೆಯ ಮೇಲೆ ನಿಮ್ಮ ಊರಿನದೇ ಥರದ ಪಂಪು, ಕರೆಂಟು ಬರುವುದನ್ನು ಕಾಯುತ್ತ. ಮಧ್ಯಾಹ್ನ ಎಮ್ಮೆಗಳು ಬಂದು ಬಿದ್ದವೆಂದರೆ ಆ ಗುಂಡಿಯ ನೀರೆಲ್ಲ ರಾಡಿ. ನಮ್ಮ ಜಿಲ್ಲೆಯಲ್ಲೂ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕಾಯುವ ಹಳ್ಳಿಗಳಿವೆ. ಹೇಳಿದರೆ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಗುತ್ತಾರೆ.

ಹಾಗಾದರೆ ತಿರುಗಿಸಲಿಕ್ಕೆ ಸಿಗುವುದು ಮಳೆಗಾಲದ ನೀರು. ಆ ಹೊತ್ತಿಗೆ ನಿಮ್ಮ ವರದೆ ಹೇಗಿರುತ್ತಾಳೆ? ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ ಬನವಾಸಿ ದಾಟಿ ಬರುವ ವರದೆಯೂ ಮಲೆನಾಡಿನ ಮಳೆಯನ್ನೇ ಕುಡಿದು ಬರುವ ಹೊಳೆ. ನಮಗೆ ಮಳೆ ಹೊಯ್ದ ದಿನವೇ ಅದಕ್ಕೂ ಹೊಯ್ಯುತ್ತದೆ. ಹಾನಗಲ್, ಸವಣೂರು ಕಡೆಯ ದಂಡೆಯ ಹೊಲಗಳಲ್ಲಿ ಗೋವಿನಜೋಳ, ಶೇಂಗಾ ಮುಳುಗಿ ಕೊಳೆತದ್ದಕ್ಕೆ ಪರಿಹಾರ ಕೇಳಿ ನೀವು ಕಚೇರಿ ಅಲೆಯುವುದೂ ಅದೇ ತಿಂಗಳಲ್ಲಿ. ತುಂಬಿ ಹರಿಯುವ ಕೊಡಕ್ಕೆ ಇನ್ನೊಂದು ತಂಬಿಗೆ ಹೊಯ್ದರೆ ಮನೆಯವರು ಏನೆನ್ನುತ್ತಾರೆ?

ಇರಲಿ, ವರದೆ ಬರೀ ದಾರಿ, ನೀರು ನಿಲ್ಲುವುದು ಹೊಸಪೇಟೆಯಲ್ಲಿ ಎನ್ನಬಹುದು. ಅಲ್ಲಿನ ಸ್ಥಿತಿ ನೋಡಿ. ತುಂಗಭದ್ರಾ ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಹಿಡಿಯುವುದು 105 ಚಿಲ್ಲರೆ. ಇಪ್ಪತ್ತೇಳು ಟಿಎಂಸಿಯಷ್ಟು ಜಾಗ ಮಣ್ಣಿನ ಪಾಲು. ಒಳ್ಳೆಯ ಮಳೆಯಾದ ವರ್ಷ ಜುಲೈ–ಆಗಸ್ಟಿನಲ್ಲೇ ಅದು ತುಂಬಿ ಗೇಟು ಎತ್ತುತ್ತಾರೆ, ನೀರು ಕೆಳಗಿನ ರಾಜ್ಯಗಳಿಗೆ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದದ್ದು ನೆನಪಿರಬೇಕು. ಮರುವರ್ಷ ಗೇಟುಗಳ ಮೇಲೆ ಭರವಸೆಯಿಲ್ಲದೆ ಸಂಗ್ರಹವನ್ನು 80 ಟಿಎಂಸಿಗೆ ಮಿತಿ ಮಾಡಿದರು. ಅಂದರೆ ಹಿಡಿಯಬಹುದಾಗಿದ್ದ ಇಪ್ಪತ್ತೈದು ಟಿಎಂಸಿ ಸಾಮರ್ಥ್ಯ ಒಂದು ವರ್ಷ ಖಾಲಿ ಬಿತ್ತು. ಬೇಡ್ತಿಯಿಂದ ತರುತ್ತೇವೆನ್ನುವುದು ಹದಿನೆಂಟೂವರೆ. ಹೂಳಿಗೆ ಹೋದದ್ದು ಅದಕ್ಕಿಂತ ಹೆಚ್ಚು, ಗೇಟಿಗೆ ಹೋದದ್ದೂ ಅದಕ್ಕಿಂತ ಹೆಚ್ಚು. ಕಾಲುವೆಯ ಕೊನೆಯಂಚಿನ ಮಾನ್ವಿ, ಸಿರವಾರದ ರೈತ ಹೆದ್ದಾರಿ ತಡೆಯುವುದು ಬೇಡ್ತಿಯಲ್ಲಿ ನೀರಿಲ್ಲವೆಂದಲ್ಲ. ಮೇಲ್ಭಾಗದಲ್ಲಿ ಲಂಗುಲಗಾಮಿಲ್ಲದೆ ಭತ್ತ ಹಾಕಿ, ಕಾಲುವೆಗೆ ಪಂಪಿಟ್ಟು ಎತ್ತಿ, ಕೆಳಗೆ ಬರುವಷ್ಟರಲ್ಲಿ ನೀರು ಮುಗಿದಿರುತ್ತದೆ. ಆ ಜಗಳ ಬಿಡಿಸುವುದು ಕಷ್ಟದ ರಾಜಕೀಯ. ಕಾಡಿನಲ್ಲಿ ಅಣೆಕಟ್ಟು ಕಟ್ಟುವುದು ಸುಲಭದ ಟೆಂಡರು. ನನ್ನ ಅನುಮಾನವೆಲ್ಲ ಇಲ್ಲೇ ಇದೆ.

ಪಶ್ಚಿಮದ ಹೊಳೆಯನ್ನು ಪೂರ್ವಕ್ಕೆ ಹತ್ತಿಸಿದ ಕತೆ ನಮ್ಮ ರಾಜ್ಯದಲ್ಲೇ ಒಂದು ನಡೆಯುತ್ತಿದೆ. ಎತ್ತಿನಹೊಳೆಯಿಂದ 24 ಟಿಎಂಸಿ ಅಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಲೆಕ್ಕ ಹಾಕಿ ಆ ಜಲಾನಯನದಲ್ಲಿ ಹುಟ್ಟುವುದೇ 9.55 ಟಿಎಂಸಿ ಅಂದರು. ಕೇಳುವವರಿರಲಿಲ್ಲ. 8,323 ಕೋಟಿಯಲ್ಲಿ ಶುರುವಾದ ಅಂದಾಜು 23,251 ಕೋಟಿಗೆ ಏರಿತು. 2014ರಲ್ಲಿ ಅಡಿಗಲ್ಲು, 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಹತ್ತಿರ ಪಂಪು ಚಾಲೂ. ಆಗಲೂ ಕೋಲಾರ, ಚಿಕ್ಕಬಳ್ಳಾಪುರ ಮುಟ್ಟುವ ಕಾಲುವೆ ಮುಗಿದಿರಲಿಲ್ಲವಾಗಿ ನೀರನ್ನು ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಹಾಸನ ಸೀಮೆಯ ಹೊಳೆಗಳು ಹೋದವು. ಕೋಲಾರದ ರೈತ ಏನು ಪಡೆದ ಅಂತ ನೀವೇ ಒಮ್ಮೆ ಅಲ್ಲಿನವರನ್ನು ಕೇಳಿ ನೋಡಿ. ನಾವು ಹೇಳಿದರೆ ಸ್ವಾರ್ಥ ಅನಿಸೀತು.

ಬಂದ ನೀರಿನ ಹೆಸರಲ್ಲಿ, ಬಾರದ ನೀರಿನ ಹೆಸರಲ್ಲಿ ಏನೇನಾಗುತ್ತದೆ ಎಂಬುದನ್ನು ಇಡೀ ಕರ್ನಾಟಕಕ್ಕೆ ಕಲಿಸಿದವರು ನಿಮ್ಮವರು ಮತ್ತು ನಿಮ್ಮ ಪಕ್ಕದವರೇ. ಮಲಪ್ರಭೆಯ ಕಾಲುವೆ ಬಂತು, ಹೊಲಕ್ಕೆ ಸರಿಯಾಗಿ ನೀರು ಬರುವ ಮೊದಲೇ ಬೆಟರ್‌ಮೆಂಟ್ ಲೆವಿಯ, ಅಂದರೆ ಅಭಿವೃದ್ಧಿ ಕರದ, ನೋಟಿಸು ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು, ರೈತರ ಸಾವು. ಅಲ್ಲಿಂದ ಎದ್ದ ಚಳವಳಿ ಸರ್ಕಾರವನ್ನೇ ಅಲುಗಾಡಿಸಿತು. ಅದೇ ಕಾಲಕ್ಕೆ ಘಟ್ಟದ ಮೇಲೆ ನಮ್ಮ ಹಿರಿಯರು ಇನ್ನೊಂದು ಕಡತದ ಎದುರು ಕೂತಿದ್ದರು. ಬೇಡ್ತಿಗೆ 210 ಮೆಗಾವಾಟಿನ ಜಲವಿದ್ಯುತ್ ಯೋಜನೆ ಮಂಜೂರಾಗಿತ್ತು. ಶಿರಸಿಯ ತೋಟಗಾರ್ಸ್ ಸೊಸೈಟಿ, ಅಂದರೆ ಅಡಿಕೆ ಮಾರುವ ಸಹಕಾರಿ ಸಂಘ, 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಕರೆಸಿ ಯೋಜನೆಯ ಲಾಭ–ನಷ್ಟದ ಲೆಕ್ಕವನ್ನು ಬಿಚ್ಚಿ ನೋಡಿತು. ಕಾಡಿಗೆ, ತೋಟಕ್ಕೆ, ಸೌದೆಗೆ, ಸೊಪ್ಪಿಗೆ ಬೆಲೆ ಕಟ್ಟಿ ನೋಡಿದರೆ ಲಾಭ ಉಳಿಯಲಿಲ್ಲ. ಯೋಜನೆ ಮೂಲೆ ಸೇರಿತು. ಕಲ್ಲು ಹೊಡೆಯದೆ, ಲೆಕ್ಕ ಕೇಳಿ ನಿಲ್ಲಿಸಿದ ಅಣೆಕಟ್ಟು ಅದು. ಆಮೇಲೆ ಅದು ಬೇರೆ ಬೇರೆ ವೇಷದಲ್ಲಿ ಎದ್ದು ಬಂದಿದೆ. ಈ ಬೇಡ್ತಿ–ವರದಾ ಜೋಡಣೆಯ ವಿರುದ್ಧ 2022ರಲ್ಲಿ ಮಂಚಿಕೇರಿಯಲ್ಲಿ ಸ್ವರ್ಣವಲ್ಲಿ ಶ್ರೀಗಳ ಮುಂದಾಳತ್ವದಲ್ಲಿ ಸೇರಿದ ಸಮಾವೇಶದಲ್ಲಿ ತೋಟದವರ ಜೊತೆಗೆ ಮರಾಠಿಗರು, ಸಿದ್ದಿಗಳು, ಕೂಲಿಯವರೂ ಇದ್ದರು. ಇದು ಅಡಿಕೆ ಭಟ್ಟರ ಜಗಳ ಮಾತ್ರ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ.

ನಿಮ್ಮ ಬಾಯಲ್ಲಿ ಬರಬಹುದಾದ ಒಂದು ಮಾತಿಗೆ ಉತ್ತರ ಕೊಡಲೇಬೇಕು. ಮಹದಾಯಿ ಹೊಳೆಯ ನೀರು ತಿರುಗಿಸಲು ಗೋವಾದವರು ಅಡ್ಡ ಬಂದಾಗ ನಿಮಗೂ ಸಿಟ್ಟು ಬಂದಿತ್ತಲ್ಲ, ಈಗ ನೀವು ಆಡುತ್ತಿರುವುದೂ ಗೋವಾದವರ ಮಾತೇ ಅಲ್ಲವೆ, ಅಂತ ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. 2015ರ ಜುಲೈಯಿಂದ ನರಗುಂದದಲ್ಲಿ ಧರಣಿ ಕೂತವರನ್ನು ಕಂಡು ನಮ್ಮಲ್ಲಿ ಬಹಳ ಜನ ಮರುಗಿದ್ದು ನಿಜ. ನಮ್ಮ ಹೊಳೆಯ ವಿಷಯ ಬಂದಾಗ ಕಾಡು, ಜೀವವೈವಿಧ್ಯ ಎಂದದ್ದೂ ನಿಜ. ಆದರೆ ಮಹದಾಯಿಯಲ್ಲಿ ಕೊನೆಗೆ ಏನಾಯಿತು? ವರ್ಷಗಟ್ಟಲೆ ನ್ಯಾಯಮಂಡಳಿಯ ಎದುರು ಎರಡೂ ಕಡೆಯವರ ಅಂಕಿಗಳನ್ನು ಒರೆಗೆ ಹಚ್ಚಿದರು. ಕಳಸಾ–ಬಂಡೂರಿ ಯೋಜನೆಗೆ ನಮ್ಮ ರಾಜ್ಯ ಕೇಳಿದ್ದು 7.56 ಟಿಎಂಸಿ, 2018ರ ಆಗಸ್ಟಿನ ತೀರ್ಪಿನಲ್ಲಿ ಮಲಪ್ರಭೆಗೆ ಸಿಕ್ಕಿದ್ದು 3.9. ಕಹಿಯಾದರೂ ಅದು ಎರಡೂ ಕಡೆಯ ಸಾಕ್ಷಿ ಕೇಳಿ ಹುಟ್ಟಿದ ಅಂಕಿ. ಬೇಡ್ತಿಯ ಹದಿನೆಂಟೂವರೆಯನ್ನು ಹಾಗೆ ಯಾರ ಎದುರೂ ಇಟ್ಟು ಜರಡಿ ಹಿಡಿದಿಲ್ಲ. ರಾಜ್ಯದೊಳಗಿನ ಹೊಳೆಯಾದ್ದರಿಂದ ನ್ಯಾಯಮಂಡಳಿಯ ಕಾಟವಿಲ್ಲ ಎಂಬುದೇ ಅವರಿಗೆ ಅನುಕೂಲ. ಆ ಅನುಕೂಲ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ.

ಇನ್ನು ನಮ್ಮ ನೆಲದ ಸ್ಥಿತಿ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಟೀವಿಯಲ್ಲಿ ನೋಡಿರಬಹುದು. ಮಳೆ ನಿಂತ ಮೇಲೆ ಅಲ್ಲಿ ನಡೆದಾಡಿದವರಿಗೆ ಅದು ಬೇರೆ ಥರ ಕಾಣುತ್ತದೆ. ಕೆಲವು ಕಡೆ ಅಡಿಕೆ ಮರಗಳು ಬಿದ್ದೇ ಇಲ್ಲ. ಮೆಣಸಿನ ಬಳ್ಳಿ ಹೊತ್ತುಕೊಂಡು ನೆಟ್ಟಗೆ ನಿಂತಿವೆ, ನಿಂತ ನೆಲ ಮಾತ್ರ ಕೆಳಗೆ ಸರಿದಿದೆ. ಒಬ್ಬರ ತೋಟದ ಅಂಚು ಇನ್ನೊಬ್ಬರ ಗದ್ದೆಯೊಳಗೆ ಬಂದು ಕೂತಿದೆ. ರಸ್ತೆ ಇದ್ದಲ್ಲಿ ಕೆಂಪು ಗೋಡೆ, ಅದರ ಬುಡದಿಂದ ಸೋರುವ ಹೊಸ ಒರತೆ. ಅದೇ ವಾರ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕಿತ್ತುಕೊಂಡು ಹೋಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಜಾರಿ ಇದೇ ಗಂಗಾವಳಿಯೊಳಗೆ ಬಿತ್ತು. ಕೇರಳದ ಒಂದು ಲಾರಿಯನ್ನು ಎತ್ತಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ನಿಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತಿರುವಂತೆ ಈ ಜೇಡಿಯ ಗುಣ ನಮಗೆ ಗೊತ್ತು. ಮಳೆ ಕುಡಿದ ಮೇಲೆ ಇದು ಯಾರ ಮಾತೂ ಕೇಳುವುದಿಲ್ಲ. ಇಂಥ ಇಳಿಜಾರಿನ ಬುಡದಲ್ಲಿ ಅಣೆಕಟ್ಟಿನ ನೀರು ನಿಲ್ಲಿಸಿ, ಕಾಲುವೆ, ಪೈಪು ಅಂತ ಗುಡ್ಡ ಕಡಿದರೆ ಏನಾದೀತು ಎಂದು ತಿಳಿಯಲು ಎಂಜಿನಿಯರೇ ಆಗಬೇಕೆಂದಿಲ್ಲ.

ಕಡಲಿಗೆ ಹೋಗುವ ನೀರು ಪೋಲು ಎಂಬ ಮಾತನ್ನು ಕೆಳಗಿನವರು ಕೇಳಿದರೆ ಏನು ಹೇಳುತ್ತಾರೋ. ಅಂಕೋಲಾ, ಕಾರವಾರಗಳಿಗೆ ಕುಡಿಯುವ ನೀರು ಹೋಗುವುದು ಗಂಗಾವಳಿ ದಂಡೆಯ ಹೊನ್ನಳ್ಳಿಯಿಂದ. ಹೊಳೆಯ ಒತ್ತು ಕಡಿಮೆಯಾದರೆ ಉಪ್ಪು ನೀರು ಮೇಲೇರಿ ದಂಡೆಯ ಬಾವಿಗಳಿಗೆ ನುಗ್ಗುತ್ತದೆ. ಅಳಿವೆಯ ಮೀನು, ಬಳಚು ನಂಬಿದವರದು ಇನ್ನೊಂದು ಲೆಕ್ಕ. ಅದನ್ನು ಅವರೇ ಬರೆಯಲಿ, ನನಗಿಂತ ಚೆನ್ನಾಗಿ ಬರೆದಾರು.

ನಮ್ಮ ಕಡೆಯ ಹುಳುಕೂ ಹೇಳಿಬಿಡುತ್ತೇನೆ. ಹೊಳೆ ತಾಯಿ, ದೇವಿ ಅಂತ ಮೆರವಣಿಗೆ ಮಾಡುವ ನಾವೇ ಗದ್ದೆ ಮುಚ್ಚಿ ಅಡಿಕೆ ನೆಟ್ಟು, ಕಣಿವೆಗೆ ಬೋರ್‌ವೆಲ್ ಇಳಿಸಿ ಹಳ್ಳ ಬತ್ತಿಸಿದ್ದೇವೆ. ನೀವೂ ಆ ಹಾದಿಯಲ್ಲಿ ಹಿಂದೆ ಬಿದ್ದಿಲ್ಲ. ಹಾನಗಲ್, ಶಿಗ್ಗಾವಿ ಕಡೆ ಹೋದಾಗೆಲ್ಲ ಎರೆ ಹೊಲದಲ್ಲಿ ಸಾಲು ಅಡಿಕೆ ಕಾಣುತ್ತದೆ, ಬುಡದಲ್ಲಿ ಡ್ರಿಪ್ಪು. ನಿಮ್ಮ ಲೆಕ್ಕದಲ್ಲಿ ಆ ಅಡಿಕೆಗೆ ಬೇಸಿಗೆಯ ನೀರು ಬೇಕು, ಬೇಡ್ತಿ ಕೊಡಬಲ್ಲದ್ದು ಮಳೆಗಾಲದ ನೀರು. ದರ ಬಿದ್ದ ದಿನ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿರುತ್ತೇವೆ, ಆ ಮಾತು ಬೇರೆ.

ಗದಗಿನವರಿಗೆ ಪ್ರತ್ಯೇಕವಾಗಿ ಒಂದು ಮಾತು. 2011ರಲ್ಲಿ ಹಳ್ಳಿಗುಡಿಯ ಫಲವತ್ತಾದ ಭೂಮಿಯನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಕೊಡಲು ಹೊರಟಾಗ ತೋಂಟದ ಸಿದ್ಧಲಿಂಗ ಶ್ರೀಗಳೊಡನೆ ನೀವು ಬೀದಿಗಿಳಿದಿರಿ, ಕಾರ್ಖಾನೆ ಹೋಯಿತು. ಕಪ್ಪತಗುಡ್ಡದ ಮೇಲೆ ಚಿನ್ನದ ಗಣಿಯವರ ಕಣ್ಣು ಬಿದ್ದಾಗ ಮತ್ತೆ ಎದ್ದಿರಿ, 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಆಗ ಬೆಂಗಳೂರಿನಲ್ಲಿ ಕೂತವರು ನಿಮಗೂ ಅಭಿವೃದ್ಧಿ ವಿರೋಧಿಗಳೆಂದೇ ಹೆಸರಿಟ್ಟಿದ್ದರು. 2024ರ ಜನವರಿಯಲ್ಲಿ ನಿಮ್ಮ ಮಾಗಡಿ ಕೆರೆಗೂ ನಮ್ಮ ಜಿಲ್ಲೆಯ ಅಘನಾಶಿನಿ ಅಳಿವೆಗೂ ಒಂದೇ ಪಟ್ಟಿಯಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಶಿರಹಟ್ಟಿ ತಾಲೂಕಿನ ಆ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತು ಬರುವುದು ಯಾವ ಹೊಳೆ ತಿರುಗಿಸಿಯೂ ಅಲ್ಲ, ಅಲ್ಲಿ ಬಿದ್ದ ಮಳೆ ಅಲ್ಲಿ ನಿಂತದ್ದಕ್ಕೆ. ಡಂಬಳದ ಕೆರೆ ಕಟ್ಟಿದವರು ನೀರಿಗಾಗಿ ಘಟ್ಟದ ಕಡೆ ನೋಡಿರಲಿಲ್ಲ. ಹಮ್ಮಿಗಿಯ ಬ್ಯಾರೇಜಿಗೆ ದಶಕ ದಾಟಿದರೂ ಮುಳುಗಡೆಯ ಊರುಗಳ ಗೋಳು ತೀರಿಲ್ಲ, ಕಾಲುವೆ ಕಂಡ ಹೊಲವೆಲ್ಲ ನೀರು ಕಂಡಿಲ್ಲ. ಅದು ಮುಗಿಯದೆ ಹೊಸ ಹೊಳೆಯ ಆಸೆ ತೋರಿಸುವವರನ್ನು ನೀವಾದರೂ ನಿಲ್ಲಿಸಿ ಕೇಳಬಾರದೆ?

ಏನು ಕೇಳಬೇಕೆಂಬುದನ್ನೂ ಬರೆದುಬಿಡುತ್ತೇನೆ, ಗ್ರಾಮಸಭೆಯಲ್ಲಿ ಓದಲು ಅನುಕೂಲವಾಗಲಿ. ಬೇಡ್ತಿಯಿಂದ ಎತ್ತುವ ನೀರಿನ ತಿಂಗಳವಾರು ಪಟ್ಟಿ ಕೊಡಿ ಎನ್ನಿ, ವರ್ಷದ ಮೊತ್ತ ಬೇಡ. ಅದೇ ತಿಂಗಳಲ್ಲಿ ವರದೆ ಎಷ್ಟು ಹರಿದಿತ್ತು, ತುಂಗಭದ್ರಾ ಜಲಾಶಯದಲ್ಲಿ ಎಷ್ಟು ಜಾಗ ಖಾಲಿಯಿತ್ತು ಎಂಬುದನ್ನು ಪಕ್ಕದಲ್ಲಿ ಬರೆಸಿ. ನೀರೆತ್ತಲು ಬೇಕಾಗುವ ಕರೆಂಟಿನ ಬಿಲ್ಲು ಯಾರ ತಲೆಗೆ? ಮೊದಲ ಹಕ್ಕು ಯಾರದು: ನಿಮ್ಮ ಹೊಲದ್ದೋ, ದಾರಿಯ ಊರು–ಕಾರ್ಖಾನೆಗಳದ್ದೋ? ಅದೇ ಹಣದಲ್ಲಿ ಜಲಾಶಯದ ಗೇಟು, ಎಡದಂಡೆಯ ಸೋರಿಕೆ, ನಿಮ್ಮ ಜಿಲ್ಲೆಯ ಕೆರೆಗಳ ಹೂಳು ನೋಡಿಕೊಂಡರೆ ಎಷ್ಟು ಟಿಎಂಸಿ ಉಳಿಯುತ್ತದೆ? ವಿಸ್ತೃತ ವರದಿಯನ್ನು ಕನ್ನಡದಲ್ಲಿ, ಪಂಚಾಯಿತಿ ಕಟ್ಟೆಯ ಮೇಲೆ ಇಡಲಿಕ್ಕೆ ಹೇಳಿ. ಉತ್ತರ ನೋಡಿದ ಮೇಲೂ ಬೇಡ್ತಿ ಬೇಕೇ ಬೇಕು ಅನಿಸಿದರೆ ಎದುರು ಕೂತು ಜಗಳವಾಡೋಣ, ಅದಕ್ಕೆ ನಾವು ಹಿಂಜರಿಯುವುದಿಲ್ಲ.

ಮಾರ್ಚ್ ಕೊನೆಗೆ ನಾಲ್ಕು ಜನ ಬನ್ನಿ. ಅಡಿಕೆ ಕೆಲಸ ಮುಗಿದು ಅಂಗಳ ಖಾಲಿಯಿರುತ್ತದೆ, ಮಲಗಲು ಜಗಲಿಯಿದೆ. ಪಟ್ಟಣದಹಳ್ಳದಿಂದ ಸುರೇಮನೆವರೆಗೆ ನಡೆದೇ ನೋಡೋಣ. ಆಗಸ್ಟಿನಲ್ಲಿ ವರದೆ ನೋಡಲು ನಾವು ನಿಮ್ಮಲ್ಲಿಗೆ ಬರುತ್ತೇವೆ. ಅಷ್ಟರೊಳಗೆ ಆ ತಿಂಗಳವಾರು ಪಟ್ಟಿ ನಿಮ್ಮ ಕೈಗೆ ಸಿಕ್ಕರೆ ಒಂದು ಪ್ರತಿ ನಮಗೂ ಕಳಿಸಿ.

ಇಂತಿ,
ಬೇಡ್ತಿ ದಂಡೆಯ ಒಬ್ಬ ತೋಟಿಗ
ಯಲ್ಲಾಪುರ ತಾಲೂಕು, ಉತ್ತರ ಕನ್ನಡ